ಚಿಕ್ಕಮ್ಮ ಸುಮ್ಮನಿದ್ದ ಐದು ನಿಮಿಷ

ನಮ್ಮ ಲ್ಯಾಬಿನಲ್ಲಿ ಅವರು ಎಲ್ಲರಿಗೂ ಚಿಕ್ಕಮ್ಮ. ಹಿಂದೊಮ್ಮೆ ಅವರ ಅಕ್ಕನ ಮಗಳು ಮೂರು ತಿಂಗಳು ತರಬೇತಿಗೆ ಬಂದಿದ್ದಳು. ಅವಳು ಹೋದಳು, ಅವಳು ಕರೆಯುತ್ತಿದ್ದ ಹೆಸರು ಉಳಿಯಿತು. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ ಮುಖ್ಯಸ್ಥರ ಬಾಯಲ್ಲೂ ಚಿಕ್ಕಮ್ಮನೇ.

ರಕ್ತದ ಸ್ಯಾಂಪಲ್‌ನಿಂದ ಡಿಎನ್ಎ ಬೇರ್ಪಡಿಸಿ ಶುದ್ಧ ಮಾಡುವುದು ಅವರ ಕೆಲಸ. ಇಪ್ಪತ್ತಾರು ವರ್ಷ ಅದನ್ನು ಕೈಯಲ್ಲೇ ಮಾಡಿದರು. ಹನಿ ಅಳೆದು ಹಾಕುವ ಪಿಪೆಟ್ಟಿನ ಗುಂಡಿ ಒತ್ತಿ ಒತ್ತಿ ಬಲಗೈ ಹೆಬ್ಬೆರಳು ಮಾತು ಕೇಳುತ್ತಿರಲಿಲ್ಲ. ಆದರೆ ಅವರ ಕೈಯಲ್ಲಿ ಒಂದು ಟ್ಯೂಬೂ ಕೆಟ್ಟದ್ದನ್ನು ಪಕ್ಕದ ಮೇಜಿನ ನಾನು ಕಂಡಿಲ್ಲ. ಆ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ನನಗೆ ಅಂಥ ಕೈ ಇದ್ದಿದ್ದರೆ ನೆಲದ ಮೇಲೆ ನಡೆಯುತ್ತಿರಲಿಲ್ಲ.

ಹೀಗಿರುವಾಗ ಆ ಕೆಲಸವನ್ನು ತಾನೇ ಮಾಡುವ ಯಂತ್ರವೊಂದು ಪರೀಕ್ಷೆಗೆಂದು ಬಂತು.

"ಇಪ್ಪತ್ತನಾಲ್ಕು ಸ್ಯಾಂಪಲ್. ಒಂದೊಂದರಲ್ಲೂ ಅರ್ಧ ಚಿಕ್ಕಮ್ಮನಿಗೆ, ಅರ್ಧ ಯಂತ್ರಕ್ಕೆ," ಎಂದರು ಮುಖ್ಯಸ್ಥರು. "ಯಂತ್ರ ಸರಿಯಾಗಿ ಮಾಡಿದ್ರೆ ಇಟ್ಕೊಳ್ಳೋಣ. ಆಗ ಚಿಕ್ಕಮ್ಮ ಕೆಳಗೆ ರಿಪೋರ್ಟ್ ಕೊಡೋ ಕೌಂಟರಿಗೆ."

ಚಿಕ್ಕಮ್ಮ ಸ್ಯಾಂಪಲ್‌ಗಳನ್ನು ಎಣಿಸತೊಡಗಿದರು. ಆ ಮೇಜು ಬಿಡಬೇಕೆಂದರೆ ಅವರಿಗೆ ಪ್ರಾಣ ಹೋದಷ್ಟು ಸಂಕಟ ಎಂದು ನನಗೆ ಗೊತ್ತಿತ್ತು.

ಯಂತ್ರದ ಜೊತೆ ಬಂದವನು ಇಸ್ತ್ರಿ ಮುರಿಯದ ಶರ್ಟಿನ ಮನುಷ್ಯ. ಯಂತ್ರದ ಗುಟ್ಟೆಲ್ಲ ಇರುವುದು ಬಾಟಲಿಯೊಂದರಲ್ಲಿ. ಅದರೊಳಗಿನ ಸಣ್ಣ ಕಪ್ಪು ಕಣಗಳಿಗೆ ಡಿಎನ್ಎ ಅಂಟಿಕೊಳ್ಳುತ್ತದೆ, ಅಯಸ್ಕಾಂತ ಕಣಗಳನ್ನು ಎಳೆದುಕೊಳ್ಳುತ್ತದೆ, ಉಳಿದ ಕೊಳೆ ತೊಳೆದುಹೋಗುತ್ತದೆ. ಆದರೆ ಕಣಗಳು ಬೇಗ ತಳ ಸೇರುತ್ತವೆ, ಹಾಗಾಗಿ ಆಗಾಗ ಬಾಟಲಿ ಅಲುಗಾಡಿಸುತ್ತಿರಬೇಕು. ಯಂತ್ರದ ತಟ್ಟೆಯಲ್ಲಿ ಸ್ಯಾಂಪಲ್ಲಿಗೊಂದರಂತೆ ಇದ್ದ ಗುಳಿಗಳಲ್ಲಿ ಹನ್ನೆರಡನ್ನು ಅವನು ಬಾಟಲಿ ಅಲುಗಾಡಿಸಿ ತುಂಬಿದ. ಅಷ್ಟರಲ್ಲಿ ಫೋನು ಬಂತು. ಐದು ನಿಮಿಷ ಹೊರಗೆ ಮಾತಾಡಿ ಬಂದು, ಉಳಿದ ಹನ್ನೆರಡನ್ನು ತುಂಬಿ ಗುಂಡಿ ಒತ್ತಿದ.

ಫಲಿತಾಂಶ ಬಂತು. ಮೊದಲ ಹನ್ನೆರಡು ಬಲು ಚೆನ್ನ. ಉಳಿದವುಗಳಲ್ಲಿ ಡಿಎನ್ಎ ಹುಡುಕಿದರೂ ಇಲ್ಲ. ಯಂತ್ರದವನು ಕರೆಂಟನ್ನು ಬೈದ. ಮುಖ್ಯಸ್ಥರು ಪ್ಯಾಕ್ ಮಾಡಿ ಎಂದರು. ನಾನು ಕುಣಿಯುವುದೊಂದು ಬಾಕಿ, ಎಲ್ಲರಿಗೂ ಟೀ ತರಿಸಿದೆ. ಚಿಕ್ಕಮ್ಮ ಲೋಟ ಮುಟ್ಟದೆ ಎದ್ದು ಮುಖ್ಯಸ್ಥರ ಕೋಣೆಗೆ ಹೋದರು. ನಾನೂ ಹಿಂದೆಯೇ ಹೋದೆ.

"ಯಂತ್ರದ ತಪ್ಪಲ್ಲ ಸಾರ್. ಯಂತ್ರ ತಂದವರು ಫೋನು ಮುಗಿಸಿ ಬರೋಷ್ಟರಲ್ಲಿ ಕಣ ಎಲ್ಲ ತಳ ಸೇರಿತ್ತು. ಮತ್ತೆ ಅಲುಗಾಡಿಸ್ಲಿಲ್ಲ. ನಾನು ನೋಡಿದೆ. ಬೇಕಂತಲೇ ಸುಮ್ಮನಿದ್ದೆ."

ಮುಖ್ಯಸ್ಥರು ಕನ್ನಡಕ ತೆಗೆದಿಟ್ಟರು. "ಮತ್ತೆ ಈಗ ಯಾಕೆ ಹೇಳ್ತಿದ್ದೀರಿ?"

"ಸ್ಯಾಂಪಲ್ ಹಾಳಾಗೋದನ್ನ ಕೈಕಟ್ಟಿ ನೋಡಿದ್ದು ಇದೇ ಮೊದಲು ಸಾರ್. ಆ ಟೀ ಕುಡಿಯೋಕೆ ಮನಸ್ಸಾಗ್ಲಿಲ್ಲ."

ಮರುದಿನ ಹೊಸ ಸ್ಯಾಂಪಲ್‌ಗಳಲ್ಲಿ ಮತ್ತೆ ಪರೀಕ್ಷೆ. ಬಾಟಲಿ ಅಲುಗಾಡಿಸಿದ್ದು ಸ್ವತಃ ಚಿಕ್ಕಮ್ಮ. ತಮ್ಮ ಪಾಲು ಮುಗಿಸಲು ಅವರಿಗೆ ಸಂಜೆಯಾಯಿತು, ಯಂತ್ರಕ್ಕೆ ಐವತ್ತು ನಿಮಿಷ. ಗುಣದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಸೋಮವಾರ ಅವರು ಕೌಂಟರಿಗೆ ಇಳಿದರು. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಂಡರಲ್ಲ ಎಂದು ನನಗೆ ಎಂಥ ಸಿಟ್ಟು ಬಂತೆಂದರೆ, ಎರಡು ದಿನ ಮಾತು ಬಿಟ್ಟೆ.

ಮೂರನೆಯ ದಿನ ಊಟದ ಹೊತ್ತಿಗೆ ಅವರೇ ಮೇಲೆ ಬಂದರು.

"ಬೆಳಗ್ಗೆ ಒಬ್ಬರು ಬಂದಿದ್ರು. ಮಗಳ ರಿಪೋರ್ಟ್ ಇನ್ನೂ ವಾರ ಆಗುತ್ತೆ ಅಂದ್ಕೊಂಡು ಸುಮ್ನೆ ವಿಚಾರಿಸೋಕೆ. ಯಂತ್ರದ ದೆಸೆಯಿಂದ ಆಗಲೇ ಸಿದ್ಧವಾಗಿತ್ತು, ಕೈಗೇ ಕೊಟ್ಟೆ. ಏನೂ ತೊಂದರೆ ಇಲ್ಲ ಅಂತ ಇತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ರು." ತಮ್ಮ ಊಟದ ಡಬ್ಬಿ ಬಿಚ್ಚಿದರು. "ಇಷ್ಟು ವರ್ಷ ಅವರೆಲ್ಲ ನನಗೆ ಬರೀ ಟ್ಯೂಬಿನ ನಂಬರು ನೋಡು."

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಬೇಜಾರು ಮಾತ್ರ ಇಳಿದಿಲ್ಲ. ಯಂತ್ರ ಒಳ್ಳೆಯದೇ, ಆದರೆ ಅದಕ್ಕೆ ಚಿಕ್ಕಮ್ಮನ ಹಾಗೆ ನನ್ನ ಜೊತೆ ಹರಟೆ ಹೊಡೆಯಲು ಬರುವುದಿಲ್ಲ.