ತಾನೇ ಒಡೆದ ಅಕ್ಷರ

ಚಳಿಗಾಲ ಬಂದು ಯಾಂಗ್‌ಟ್ಸಿ ನದಿ ಇಳಿಯತೊಡಗಿತೆಂದರೆ ಕ್ವಾಯ್ ಯೊಂಗ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲ ದಡಕ್ಕೆ ಹೋಗಿ ಬರುತ್ತಿದ್ದ. ಜಿಯಾವೊ ಬೆಟ್ಟದಿಂದ ಎಂದೋ ಉರುಳಿ ನದಿಗೆ ಬಿದ್ದ ಶಾಸನದ ಬಂಡೆ ಅಲ್ಲಿತ್ತು. ಸತ್ತ ಕ್ರೌಂಚ ಪಕ್ಷಿಯೊಂದಕ್ಕಾಗಿ ಯಾರೋ ಕೆತ್ತಿಸಿದ್ದು. ನೀರು ತಗ್ಗಿದಾಗ ಮಾತ್ರ ಕೈಗೆ ಸಿಗುತ್ತಿತ್ತು. ಅದೂ ಮುಖ ಕೆಳಗೆ. ಕೆಸರಿಗೆ ಜೊಂಡು ಹಾಸಿ, ಅಂಗಾತ ಮಲಗಿ, ಒದ್ದೆ ಕಾಗದವನ್ನು ಮೇಲಕ್ಕೆ ಒತ್ತಿ, ಮಸಿ ಅದ್ದಿದ ಬಟ್ಟೆಯುಂಡೆಯಿಂದ ತಟ್ಟಿ ಪಡಿಯಚ್ಚು ತೆಗೆಯಬೇಕು. ಮಸಿ ನೇರ ಕಣ್ಣಿಗೇ ತೊಟ್ಟಿಕ್ಕುತ್ತದೆ. ಒಂದು ಕಾಲಕ್ಕೆ ಈ ಕೆಲಸಕ್ಕೆ ಇವನಂಥ ಹುಚ್ಚರು ಇನ್ನಿಬ್ಬರಿದ್ದರು. ಈಗ ಅವರೂ ಇಲ್ಲ.

ಇಪ್ಪತ್ತೆರಡರ ವಯಸ್ಸಿನಲ್ಲಿ ಅವನೊಂದು ಕೆಟ್ಟ ಕೆಲಸ ಮಾಡಿದ್ದ. ಸೊಗಸಾದ ಅಚ್ಚೊಂದು ಬಂದಾಗ, ಅಂಥದ್ದು ಇನ್ನೊಬ್ಬನಿಗೆ ಸಿಗಬಾರದೆಂದು ಬಂಡೆಯ ಮೇಲಿನ ಒಂದು ಅಕ್ಷರವನ್ನು ಉಳಿಯಿಂದ ಜಜ್ಜಿಬಿಟ್ಟ. ಆ ಕಸುಬಿನಲ್ಲಿ ಹೊಟ್ಟೆಕಿಚ್ಚಿನವರು ಮಾಡುವುದೇ. ಅಕ್ಷರ ಒಡೆಯುವ ಮುಂಚಿನ ಅಚ್ಚೆಂದರೆ ಜನ ಮುಗಿಬೀಳುತ್ತಾರೆ. ಆದರೆ ಮಾರಲು ಅವನಿಗೆ ಮನಸ್ಸೇ ಬರಲಿಲ್ಲ. ಹಾಳೆ ಒಲೆಯ ಮೇಲಿನ ಅಟ್ಟದಲ್ಲಿ ಮೂವತ್ತೈದು ವರ್ಷ ಹೊಗೆ ಕುಡಿಯಿತು.

ಈಗ ಬಂಡೆಯನ್ನು ಮೇಲೆತ್ತುತ್ತಾರಂತೆ. ಪೂರ್ತಿ ಪಾಠದ ಹೊಸ ಕಲ್ಲನ್ನೂ ಪಕ್ಕದಲ್ಲಿ ನಿಲ್ಲಿಸುತ್ತಾರಂತೆ. ಒಡೆದ ಜಾಗದಲ್ಲಿ ಯಾವ ಅಕ್ಷರವಿತ್ತೆಂದು ಯಾರೂ ಹೇಳದಿದ್ದರೆ, ಈ ಕೆಲಸದ ಉಸ್ತುವಾರಿ ಹೊತ್ತ ಶೆನ್ ಪಂಡಿತರು ತಮಗೆ ತೋಚಿದ್ದನ್ನು ಕೆತ್ತಿಸುತ್ತಾರೆಂದು ಡಂಗುರ ಸಾರಿದರು. ಆ ಅಕ್ಷರ ಬಲ್ಲವನು ಕ್ವಾಯ್ ಒಬ್ಬನೇ.

"ಏನ್ರೀ ಇದು, ಕಾಲಿಗೆ ಇರುವೆ ಹತ್ತಿದೋರ ಹಾಗೆ ಓಡಾಡ್ತೀರಿ?" ಎಂದಳು ಹೆಂಡತಿ ಲಿಯಾನ್. "ಆ ಹಾಳೆ ಕೊಡೋದಾದ್ರೆ ಕೊಟ್ಟು ಬನ್ನಿ. ಇಲ್ಲಾಂದ್ರೆ ಒಲೆಗೆ ಹಾಕಿ."

"ಒಡೆದೋನು ನಾನೇ ಅಂತ ಗೊತ್ತಾಗುತ್ತೆ ಕಣೇ. ಬೆತ್ತದಲ್ಲಿ ಚರ್ಮ ಸುಲೀತಾರೆ."

"ಸುಲೀಲಿ. ಇಷ್ಟು ವರ್ಷ ನನ್ನ ನಿದ್ದೆ ಕೆಡಿಸಿದ್ದಕ್ಕೂ ಎರಡು ಸೇರಿಸಿ ಹಾಕಕ್ಕೆ ಹೇಳಿ."

ಕ್ವಾಯ್ ಹೋದ. ಪಂಡಿತರು ಕಂದುಗಟ್ಟಿದ ಹಾಳೆ ಬಿಡಿಸಿ ಬೆಳಕಿಗೆ ಹಿಡಿದರು.

"ಅಯ್ಯೋ, ಅಕ್ಷರ ಪೂರ್ತಿ ಇದೆಯಲ್ಲಯ್ಯಾ! ಇದು ಸೋಂಗ್ ಅರಸರ ಕಾಲದ್ದು. ಐನೂರು ವರ್ಷ ಹಳೇದು!"

"ಅಲ್ಲ ಬುದ್ಧೀ. ನಾನೇ ತೆಗೆದದ್ದು. ಆಮೇಲೆ ಒಡೆದದ್ದೂ ನಾನೇ."

ಪಂಡಿತರು ಹೊಟ್ಟೆ ಹಿಡಿದು ನಕ್ಕರು. "ಆ ಅಕ್ಷರ ಸೋಂಗ್ ಕಾಲದಲ್ಲೇ ಒಡೀತು ಅಂತ ನಾನೇ ಪುಸ್ತಕ ಬರೆದಿದ್ದೀನಿ. ನಿನ್ನ ತಾತನ ತಾತ ತೆಗೆದಿರ್ಬೇಕು, ಪುಣ್ಯಾತ್ಮ!"

"ಉಳಿ ಗುರುತು ತೋರಿಸ್ತೀನಿ, ಬನ್ನಿ!" ಎಂದು ಕ್ವಾಯ್ ಕೂಗಿದ.

ಅಷ್ಟರಲ್ಲಾಗಲೇ ದಡಕ್ಕೆ ಎತ್ತಿಟ್ಟಿದ್ದ ಬಂಡೆಯ ಬಳಿಗೆ ಅವರನ್ನು ಎಳೆದೇ ಒಯ್ದ. ಅಲ್ಲಿ ಗುರುತಿರಲಿಲ್ಲ. ಮೂವತ್ತೈದು ವರ್ಷದ ನೀರು, ಮರಳು ಅದನ್ನು ತಿಕ್ಕಿ ನುಣ್ಣಗೆ ಮಾಡಿದ್ದವು. ಪಂಡಿತರು ಮರುಕದಿಂದ ಅವನ ಬೆನ್ನು ಸವರಿ, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಉಪಚರಿಸಿದರು.

ಮನೆಯ ಬಾಗಿಲಲ್ಲೇ ಕಾಯುತ್ತಿದ್ದ ಲಿಯಾನ್ ಅವನ ಅಂಗಿಯನ್ನು ಎತ್ತಿ ನೋಡಿದಳು. "ಎಷ್ಟು ಏಟು ಬಿತ್ತು ರೀ?"

"ಚಹಾ ಕೊಟ್ರು ಕಣೇ," ಎಂದವನೇ ಕ್ವಾಯ್ ಗಳಗಳನೆ ಅತ್ತ.