ಪನೀರಿನ ಮೇಲಿನ ಗವರ್ನರ್

ನಮ್ಮ ಮನೆಯ ಪನೀರಿನ ಮೇಲೆ ಬಹಳ ಕಾಲ ಕೂತು ನೀರಿಳಿಸಿದವರು ಅಮೆರಿಕದ ಒಬ್ಬ ಹಳೆಯ ಗವರ್ನರು ಎಂದರೆ ನೀವು ನಗಬಹುದು. ಸಿಡ್ನಿಯಲ್ಲಿ ಒಲಿಂಪಿಕ್ಸ್ ಮುಗಿದು ನಾಲ್ಕೈದು ವರ್ಷವಾಗಿತ್ತು. ಅಲ್ಲಿನ ಗೆಳೆಯನ ಮನೆಗೆ ಹೋದಾಗ ಚರ್ಚಿನ ಅಂಗಳದಲ್ಲಿ ಹಳೆ ಪುಸ್ತಕ ಮಾರುತ್ತಿದ್ದ ಮೇಜಿನಿಂದ ಅವರ ಜೀವನಚರಿತ್ರೆಯನ್ನು ಎತ್ತಿಕೊಂಡು, ಮೆಲ್ಬರ್ನಿಗೆ ಮರಳಿ, ಗ್ಲೆನ್ ವೇವರ್ಲಿಯ ರೈಲಿನಲ್ಲಿ ಪೆನ್ಸಿಲ್ ಹಿಡಿದು ಓದಿ ಮುಗಿಸಿದ್ದೆ. ಅದರ ತೂಕ ಕಂಡ ನನ್ನ ಹೆಂಡತಿ, ಧಾರವಾಡದವಳು, ಹಾಲು ಒಡೆಸಿದಾಗಲೆಲ್ಲ "ಸ್ವಲ್ಪ ಗವರ್ನರ್‌ನ ತರ್ರಿ" ಎನ್ನತೊಡಗಿದಳು. ಪ್ಲಾಸ್ಟಿಕ್ ಚೀಲ ಉಟ್ಟು ಅವರು ಬಟ್ಟೆಗಂಟಿನ ಮೇಲೆ ವಿರಾಜಮಾನರಾಗುತ್ತಿದ್ದರು.

ನನಗೆ ಮಾತ್ರ ಅವರ ಮೇಲೆ ಭಕ್ತಿಯೇ ಇತ್ತು. ದೊರೆಯ ಹಂಗು ಕಳಚಿಕೊಂಡ ಹೊಸ ದೇಶದಲ್ಲಿ ಕುದುರೆಯೇರಿ ಊರೂರು ತಿರುಗಿ, ಸ್ವಾತಂತ್ರ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡಿ, ಶಾಲೆ ಕಟ್ಟಿಸಿ, ಅಧಿಕಾರ ಮುಗಿದೊಡನೆ ಹೊಲಕ್ಕೆ ಮರಳಿದ ಮನುಷ್ಯ! ಹೀಗಾಗಿ ಹನ್ನೊಂದು ವರ್ಷದ ಮಗಳು ತಾನು ಮೆಚ್ಚಿದ ವ್ಯಕ್ತಿಯ ಬಗ್ಗೆ ಶಾಲೆಯಲ್ಲಿ ಮಾತಾಡಬೇಕಾಗಿ ಬಂದಾಗ, ಅವಳು ಆರಿಸಿದ್ದ ಈಜುಗಾರ್ತಿಯನ್ನು ಬದಿಗೆ ಸರಿಸಿ ನನ್ನ ಗವರ್ನರನ್ನು ಹೇರಿದೆ. ಭಾಷಣವನ್ನೂ ನಾನೇ ಬರೆದುಕೊಟ್ಟೆ. ಪಾಪ, ಬಾಯಿಪಾಠ ಮಾಡಿದಳು.

ಭಾಷಣದ ಹಿಂದಿನ ಸಂಜೆ, ತರಗತಿಗೆ ತೋರಿಸಲು ಚಿತ್ರ ಹುಡುಕುತ್ತಿದ್ದವಳು ಪುಸ್ತಕದ ಕೊನೆಯಲ್ಲಿ ಅಚ್ಚಾಗಿದ್ದ ಗವರ್ನರರ ಉಯಿಲನ್ನು ನನ್ನೆದುರು ಹಿಡಿದಳು. ಅವರು ತಮ್ಮ ಮಗಳಿಗೆ ಬಿಟ್ಟುಹೋದದ್ದು: ಒಂದು ಮರದ ಮಂಚ, ಆರು ಚಮಚ, ಒಂದು ಕಪ್ಪು ಹಸು, ಹ್ಯಾನಾ ಎಂಬ ಹೆಂಗಸು, ಮತ್ತು ಆಕೆಗೆ ಮುಂದೆ ಹುಟ್ಟಲಿರುವ ಮಕ್ಕಳು. ಇನ್ನೂ ಹುಟ್ಟದ ಕೂಸುಗಳನ್ನು ಚಮಚಗಳ ಜೊತೆ ಹಂಚಿದ್ದ ಮನುಷ್ಯನೇ ಶಾಲೆ ಕಟ್ಟಿಸಿದ್ದ. ಆದರೆ ಮಗಳ ಬೆರಳಿದ್ದದ್ದು ಅಲ್ಲಲ್ಲ, ಪುಟದ ಅಂಚಿನಲ್ಲಿದ್ದ ನನ್ನದೇ ಪೆನ್ಸಿಲ್ ಬರಹದ ಮೇಲೆ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು.

"ಅಪ್ಪಾ, ವಾಟ್ ಡಸ್ ಇಟ್ ಸೇ?"

ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಇದ್ದದ್ದನ್ನೇ ಓದಿದೆ: "ಎಷ್ಟು ಸರಳ ಜೀವನ."

ಆ ಪುಟವನ್ನು ನೋಡಿಯೇ ಇರಲಿಲ್ಲ ಎಂದು ಜಾರಿಕೊಳ್ಳುವಂತಿರಲಿಲ್ಲ. ನನಗೆ ಮಂಚ ಕಂಡಿತ್ತು, ಹಸು ಕಂಡಿತ್ತು, ಹ್ಯಾನಾ ಕಂಡಿರಲಿಲ್ಲ. ಗವರ್ನರರ ಕಾಲ ಹಾಗಿತ್ತು, ಗುಲಾಮರನ್ನು ಇಟ್ಟುಕೊಳ್ಳುವುದು ಮಾಮೂಲಾಗಿತ್ತು ಎಂದು ಅವರ ಪರವಾಗಿ ಯಾರಾದರೂ ವಾದಿಸಬಹುದು, ಗೆಳೆಯರೇ. ಮೊನ್ನೆ ಮೊನ್ನೆ ರೈಲಿನಲ್ಲಿ ಕೂತು ಓದಿದ ನನ್ನ ಪರವಾಗಿ ಯಾರು ಏನು ಹೇಳಿಯಾರು? ಹೆತ್ತ ಮಗಳೆದುರು ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಅವಳು ಹೋಗಿ ನಾನು ಬರೆದುಕೊಟ್ಟ ಹಾಳೆಗಳನ್ನು ಹರಿದಳು. ಮರುದಿನ ತರಗತಿಯಲ್ಲಿ ಹ್ಯಾನಾ ಬಗ್ಗೆ ಮಾತಾಡುತ್ತೇನೆಂದು ಎದ್ದು ನಿಂತಳಂತೆ. ಗೊತ್ತಿದ್ದದ್ದು ಉಯಿಲಿನ ಆ ಒಂದೇ ಸಾಲು. ಅದನ್ನು ಓದಿ, ಇಷ್ಟೇ ಸಿಕ್ಕಿದ್ದು ಎಂದು ಹೇಳಿ ಕೂತಳಂತೆ.

ಶನಿವಾರ ಮತ್ತೆ ಪನೀರು. ಬಟ್ಟೆಗಂಟಿನ ಮೇಲೆ ಮಗಳು ಟೊಮೆಟೊ ಡಬ್ಬಿಗಳನ್ನು ಪೇರಿಸಿದ್ದಳು. ನಾನು ಊಟದ ಮೇಜಿನಲ್ಲಿ ಆ ಪುಟ ತೆರೆದು, ಅಂಚಿನ ನನ್ನ ಮಾತಿನ ಮೇಲೆ ರಬ್ಬರ್ ಇಟ್ಟಿದ್ದೆ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಬಂದು ನನ್ನ ಕೈ ಹಿಡಿದು, ಅವಳಮ್ಮನ ಧಾರವಾಡದ ದನಿಯಲ್ಲಿ ಮೆಲ್ಲಗೆ ಹೇಳಿದಳು:

"ಅಳಸಬ್ಯಾಡಪಾ."