ತೂಕ ಏರಿದ ಸೋಮವಾರ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಾಲಾಗಿ ನಿಂತ ಸ್ಟ್ರೆಚರ್‌ಗಳಲ್ಲಿ ಒಂದನ್ನು ಹೊರಗೆಳೆದು, ಅದರ ಪಕ್ಕ ಮೊಣಕಾಲೂರಿ ಕೂತಿದ್ದಾರೆ, ಆಸ್ಪತ್ರೆಯಲ್ಲಿ ಎಲ್ಲರೂ ಗಾಡಿಯಣ್ಣ ಎಂದೇ ಕರೆಯುವ ನೌಕರ. ಚಕ್ರಕ್ಕೆ ಸುತ್ತಿಕೊಂಡ ಕೂದಲು, ಬ್ಯಾಂಡೇಜಿನ ದಾರ ಬಿಡಿಸಿ, ನಾಲ್ಕಕ್ಕೂ ಎರಡೆರಡು ಹನಿ ಎಣ್ಣೆ ಬಿಡುತ್ತಾರೆ. "ಕೀಚ್ ಅಂತ ಶಬ್ದ ಬಂದ್ರೆ ಮಲಗಿದವರ ಎದೆ ಧಸಕ್ ಅನ್ನುತ್ತೆ. ಮೊದಲೇ ಆಪರೇಷನ್ ಭಯ." ಏಳುವಾಗ ಗೋಡೆಯ ಕಂಬಿ ಹಿಡಿಯಬೇಕು. ಎದ್ದು ನಿಂತ ಮೇಲೆ, ಯಾರಾದರೂ ನೋಡಿದರೇನೋ ಎಂದು ಎರಡೂ ಕಡೆ ಕಣ್ಣು ಹಾಯಿಸುತ್ತಾರೆ.

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ವಾರ್ಡಿನಿಂದ ಎಕ್ಸ್‌ರೇಗೆ, ಎಕ್ಸ್‌ರೇಯಿಂದ ಆಪರೇಷನ್ ಕೋಣೆಗೆ, ಅಲ್ಲಿಂದ ಮತ್ತೆ ವಾರ್ಡಿಗೆ. ಒಂದು ಪಾಳಿಯಲ್ಲಿ ಮೂವತ್ತೈದು, ನಲವತ್ತು ಸಲ. "ಈಗ ತಿರುವು ಬರುತ್ತೆ, ಕಣ್ಣು ಮುಚ್ಕೊಳ್ಳಿ, ತಲೆ ಸುತ್ತೋದಿಲ್ಲ," ಎಂದು ಮುಂಚಿತವಾಗಿ ಹೇಳುವುದು ಅವರ ರೂಢಿ. ಗುಣವಾಗಿ ಮನೆಗೆ ಹೋಗುವವರು ಡಾಕ್ಟರಿಗೆ ಕೈ ಮುಗಿಯುತ್ತಾರೆ. ಗಾಡಿ ತಳ್ಳಿದವರ ಮುಖ ಯಾರಿಗೂ ನೆನಪಿರುವುದಿಲ್ಲ. ಅದೇ ಒಳ್ಳೆಯದು ಎನ್ನುತ್ತಾರೆ ಇವರು. ಪತ್ರಿಕೆಗೆಂದು ಫೋಟೋ ಕೇಳಿದರೆ, "ಬೇಕಿದ್ರೆ ಗಾಡೀದು ತಗೊಳ್ಳಿ ಸಾರ್, ಅದಾದ್ರೂ ತೆಳ್ಳಗಿದೆ," ಎಂದು ನಗುತ್ತಾರೆ. ನಗು ಬಹಳ ಹೊತ್ತು ಉಳಿಯುವುದಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿದು ನಿಂತವರಿಗೆ ಕೈ ಎತ್ತುವುದೇ ಬೇಡವೆನಿಸಿತು. ಮರುದಿನವೂ ಹಾಗೇ. "ಏನೂ ಆಗಿರಲಿಲ್ಲ. ನನಗೆ ಅದೇ ನಾಚಿಕೆ. ಯಾರಾದ್ರೂ ತೀರಿಕೊಂಡಿದ್ರೆ ಹೇಳ್ಕೋಬಹುದಿತ್ತು. ಹೆಂಡತಿ, ಮಗಳು, ಕೆಲಸ ಎಲ್ಲಾ ಇದೆ. ಆದ್ರೂ ಒಳಗೆ ಯಾರೋ ದೀಪ ಆರಿಸಿ ಹೋದ ಹಾಗೆ." ಆ ಖಾಲಿಯನ್ನು ತುಂಬಲು ತಿನ್ನತೊಡಗಿದರು. ರೋಗಿಗಳು ಮುಟ್ಟದೆ ವಾಪಸ್ ಕಳಿಸಿದ ಊಟದ ತಟ್ಟೆಗಳು ವಾರ್ಡಿನ ಹಿಂಬಾಗಿಲ ಬಳಿ ಇರುತ್ತಿದ್ದವು. ಬಾಗಿಲ ಮರೆಯಲ್ಲಿ ನಿಂತು ಬ್ರೆಡ್ಡು, ಮೊಟ್ಟೆ, ತಣ್ಣಗಾದ ಅನ್ನ, ಸಿಕ್ಕಿದ್ದನ್ನೆಲ್ಲ ಗಬಗಬನೆ ನುಂಗುತ್ತಿದ್ದರು. ಒಂದು ದಿನ ಹೆಂಗಸರ ವಾರ್ಡಿನ ದೊಡ್ಡ ಸಿಸ್ಟರ್ ಕಣ್ಣಿಗೆ ಬಿದ್ದರು. ಆಕೆ ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದರು. "ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಗಾಡಿಯಣ್ಣ, ನೆಲ ನೋಡುತ್ತ. "ಹಸಿವಲ್ಲ ಸಾರ್ ಅದು. ಹಸಿವಾಗಿದ್ರೆ ಇಷ್ಟು ನಾಚಿಕೆ ಆಗ್ತಿರಲಿಲ್ಲ."

ಮನೆಯಲ್ಲಿ ಹೊಲಿಗೆ ಕೆಲಸ ಮಾಡುವ ಹೆಂಡತಿ ಗಂಡನ ನೀಲಿ ಅಂಗಿಯ ಪಕ್ಕದ ಹೊಲಿಗೆ ಎರಡು ಸಲ ಬಿಚ್ಚಿ, ಪಟ್ಟಿ ಕೊಟ್ಟು ಅಗಲ ಮಾಡಿದರು. ಪಟ್ಟಿಯ ಬಣ್ಣ ಅಂಗಿಯ ನೀಲಿಗಿಂತ ಚೂರು ಗಾಢ. ಇವರು ಕೈಯನ್ನು ಪಕ್ಕಕ್ಕೆ ಒತ್ತಿಕೊಂಡೇ ನಡೆಯುತ್ತಿದ್ದರು.

ಲಿಫ್ಟ್ ಕೆಟ್ಟ ದಿನ ಎಲ್ಲವೂ ಬಯಲಾಯಿತು. ಅಜ್ಜಿಯೊಬ್ಬರನ್ನು ಇಳಿಜಾರಿನ ದಾರಿಯಲ್ಲಿ ಮೂರನೇ ಮಹಡಿಗೆ ತಳ್ಳುತ್ತಿದ್ದಾಗ ಅರ್ಧದಲ್ಲಿ ಉಸಿರು ಸಿಕ್ಕಿಕೊಂಡಿತು. ಚಕ್ರಕ್ಕೆ ಬ್ರೇಕ್ ಒತ್ತಿ, ಗೋಡೆಗೆ ಒರಗಿ ಕುಸಿದರು. ಸೊಂಟ ಮುರಿದುಕೊಂಡಿದ್ದ ಆ ಅಜ್ಜಿ ತಲೆ ಎತ್ತಿ ಕೇಳಿದರು: "ನಾನು ಇಳಿದು ನಡೀಲೇನಪ್ಪಾ?"

ಹನ್ನೊಂದು ದಿನ ಕೆಲಸಕ್ಕೆ ಹೋಗಲಿಲ್ಲ. ಹನ್ನೆರಡನೇ ದಿನ ಹೆಂಡತಿಯೇ ಮಾನಸಿಕ ವಿಭಾಗಕ್ಕೆ ಕರೆದುಕೊಂಡು ಹೋದರು. ತಾನು ಎಷ್ಟೋ ಜನರನ್ನು ತಳ್ಳಿಕೊಂಡು ಹೋಗಿದ್ದ ಅದೇ ವಿಭಾಗಕ್ಕೆ, ಗುರುತು ಸಿಗದಿರಲೆಂದು ಬೇರೆ ಅಂಗಿ ಹಾಕಿಕೊಂಡು ಹೋದರು. ಕಾವಲಿನವನು ನಕ್ಕು, "ಏನಣ್ಣಾ, ಇವತ್ತು ಗಾಡಿ ಎಲ್ಲಿ?" ಅಂದ. ಡಾಕ್ಟರು ಖಿನ್ನತೆ ಎಂದರು, ಮಾತ್ರೆ ಬರೆದರು. ತೂಕ ನೂರಾ ಹದಿನೆಂಟು. ಪ್ರತಿ ಸೋಮವಾರ ದೊಡ್ಡ ಸಿಸ್ಟರ್ ಕೋಣೆಯಲ್ಲಿ ತೂಗಿಸಿ ಬರೆಸಬೇಕೆಂದರು. ಬೇರೆ ಯಾರೂ ಸಿಗಲಿಲ್ಲವೇ ಎಂದು ಇವರ ಜೀವ ಹಿಡಿಯಷ್ಟಾಯಿತು.

ಏಳು ತಿಂಗಳಲ್ಲಿ ಹದಿಮೂರು ಕಿಲೋ ಇಳಿಯಿತು. ಆಮೇಲೆ ನಿಂತಿತು. ಮಾತ್ರೆಯಿಂದಲೇ ದಪ್ಪವಾಗುವುದೆಂದು ಯಾರೋ ಹೇಳಿದ್ದು ಕೇಳಿ, ಡಾಕ್ಟರಿಗೂ ಹೆಂಡತಿಗೂ ಹೇಳದೆ ಬಿಟ್ಟುಬಿಟ್ಟರು. ಮೂರೇ ವಾರ. ಮತ್ತೆ ಹಾಸಿಗೆ, ಮತ್ತೆ ಹಿಂಬಾಗಿಲು, ಮತ್ತೆ ಆರು ಕಿಲೋ. ಸೋಮವಾರಗಳು ತಪ್ಪಿದವು. ಸಿಸ್ಟರ್ ಬಾಗಿಲು ದಾಟಬೇಕಾಗುತ್ತದೆಂದು ಗಾಡಿಯನ್ನು ಹಳೇ ಕಟ್ಟಡದ ಕಡೆಯಿಂದ ಸುತ್ತಿಸಿ ಒಯ್ಯುತ್ತಿದ್ದರು. "ಹೊಟ್ಟೆ ನೋವಿಂದ ಒದ್ದಾಡ್ತಿದ್ದ ಹುಡುಗೀನ ಆ ದಾರೀಲಿ ಕರ್ಕೊಂಡು ಹೋಗಿದ್ದೀನಿ. ನನ್ನ ಮುಖ ಉಳಿಸ್ಕೊಳ್ಳೋಕೆ. ಇದನ್ನ ಬರೀರಿ ಸಾರ್, ಒಳ್ಳೇದು ಮಾತ್ರ ಬರೀಬೇಡಿ."

ಮಾತ್ರೆ ಹಾಗೇ ಉಳಿದಿದ್ದನ್ನು ಕಂಡುಹಿಡಿದದ್ದು ಹೆಂಡತಿ. ಅಂದು ಆಕೆ ಮೊದಲ ಸಲ ಬಾಯಿಬಿಟ್ಟರು: "ಎಷ್ಟು ಬೇಕಾದ್ರೂ ತಿನ್ನಿ, ನಾನು ಬೇಡ ಅನ್ನಲ್ಲ. ತಟ್ಟೆಗೆ ಹಾಕ್ಕೊಂಡು, ಕೂತು, ನನ್ನೆದುರಿಗೆ ತಿನ್ನಿ. ಕದ್ದು ತಿನ್ನಬೇಡಿ ರೀ, ಅದನ್ನ ಮಾತ್ರ ನನ್ನ ಕೈಲಿ ನೋಡೋಕಾಗಲ್ಲ." ಡಾಕ್ಟರು ಗದರಿ, ಮಾತ್ರೆ ಬದಲಿಸಿದರು. ಮನಸ್ಸು ಕುಸಿದ ದಿನ ತೂಕದ ಚಿಂತೆ ಪಕ್ಕಕ್ಕಿಡು, ಮಾತ್ರೆ ನುಂಗು, ಕೂತು ಉಣ್ಣು, ಕೆಲಸಕ್ಕೆ ಬಾ, ಅಷ್ಟು ಸಾಕು ಎಂದರು. ಸೋಮವಾರಗಳು ಮತ್ತೆ ಶುರುವಾದವು, ತೂಕವೂ ನಿಧಾನವಾಗಿ ಇಳಿಯಿತು. ಆದರೆ ಮನಸ್ಸು ಕುಸಿಯುವ ದಿನಗಳು ಈಗಲೂ ತಿಂಗಳಿಗೆ ಐದಾರು ಬರುತ್ತವೆ.

ಕಳೆದ ಎರಡು ವಾರದಲ್ಲಿ ಅಂಥವು ಸಾಲಾಗಿ ಬಂದವು. ತೂಕ ಏರಿರುತ್ತದೆಂದು ಅವರಿಗೆ ಗೊತ್ತಿತ್ತು, ಸೊಂಟದ ಬೆಲ್ಟೇ ಹೇಳುತ್ತಿತ್ತು. ಆದರೂ ಈ ಸೋಮವಾರ ಪಾಳಿ ಮುಗಿಸಿ, ಸಿಸ್ಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಹೋಗಿ ತೂಕದ ಯಂತ್ರದ ಮೇಲೆ ನಿಂತರು. ಹಿಂದಿನ ಸಲ ನೂರಾ ಆರು, ಈಗ ನೂರಾ ಏಳೂವರೆ. ಸಿಸ್ಟರ್ ಬರೆದುಕೊಂಡು, "ಬಂದ್ರಲ್ಲ," ಅಂದರು. ಅಷ್ಟೇ.

ಇದನ್ನು ಹೇಳುವಾಗ ಗಾಡಿಯಣ್ಣನ ಕಿವಿ ಕೆಂಪಾಗುತ್ತದೆ. ಮೇಲಿನ ಮಹಡಿಯಿಂದ ಕರೆ ಬಂದಿದೆ, ಕೈ ಆಗಲೇ ಸ್ಟ್ರೆಚರಿನ ಹಿಡಿಯ ಮೇಲಿದೆ.

"ಇಳಿದಾಗ ಯಾರು ಬೇಕಾದ್ರೂ ಹೋಗಿ ನಿಲ್ತಾರೆ ಸಾರ್. ನಾನು ಏರಿದಾಗ ಹೋಗಿ ನಿಂತೆ."